ಹಳೆಯ ಅಮೆರಿಕನ್ ನ್ಯಾಯಮೂರ್ತಿಯ ವೃತ್ತಿಜೀವನ ಓದುವುದು ಹೇಗೆ?

ವಕೀಲಿಕೆಯಿಂದ ಶಾಸನಸಭೆಗೆ, ಅಲ್ಲಿಂದ ನ್ಯಾಯಪೀಠಕ್ಕೆ ಏರಿದವರ ಬದುಕನ್ನು ಪದವಿಗಳ ಪಟ್ಟಿಯಾಗಿ ಓದಿದರೆ ಕೈಗೆ ಏನೂ ಸಿಗುವುದಿಲ್ಲ. ದಾಖಲೆ ಹಿಡಿದೇ ಓದಬೇಕು. ಜಾರ್ಜ್ ಸದರ್ಲೆಂಡ್ ಅವರನ್ನು ತೆಗೆದುಕೊಳ್ಳೋಣ. ಭಾರತೀಯರು ಅಮೆರಿಕದ ಪೌರರಾಗುವ ದಾರಿಯನ್ನು ಮುಚ್ಚಿದ ತೀರ್ಪು ಬರೆದವರು ಇವರೇ.

ಮೊದಲು ಹಾಳೆಯ ಮೇಲೆ ವರ್ಷಗಳನ್ನು ಸಾಲಾಗಿ ಬರೆದುಕೊಳ್ಳಿ. 1862ರಲ್ಲಿ ಇಂಗ್ಲೆಂಡಿನಲ್ಲಿ ಜನನ, ಬೆಳೆದದ್ದು ಅಮೆರಿಕದ ಯೂಟಾದಲ್ಲಿ. 1883ರಿಂದ ಪ್ರೊವೊ ಊರಿನಲ್ಲಿ ವಕೀಲಿಕೆ. 1901ರಿಂದ 1903 ಜನಪ್ರತಿನಿಧಿಗಳ ಸಭೆ (ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಕೆಳಮನೆ), 1905ರಿಂದ 1917 ಸೆನೆಟ್ (ಮೇಲ್ಮನೆ), 1922ರಿಂದ 1938 ಸುಪ್ರೀಂ ಕೋರ್ಟ್. ನಡುವೆ ಖಾಲಿ ಉಳಿದ ವರ್ಷಗಳಿಗೆ ಗುರುತು ಹಾಕಿ. ಆಗ ಅವರು ಮತ್ತೆ ವಕೀಲರು.

ಕಾಂಗ್ರೆಸ್‌ನ ಪ್ರತಿ ಎರಡು ವರ್ಷದ ಅವಧಿಗೂ ಒಂದು ಸಂಖ್ಯೆಯಿದೆ. ಅದನ್ನು ಕಂಡುಹಿಡಿಯಲು ಅವಧಿ ಆರಂಭವಾದ ವರ್ಷದಿಂದ 1789 ಕಳೆದು, ಎರಡರಿಂದ ಭಾಗಿಸಿ, ಒಂದು ಕೂಡಿಸಿ. 1901ಕ್ಕೆ 57 ಬರುತ್ತದೆ. ಎಡವುವುದು ತಿಂಗಳಲ್ಲಿ. ಆಗ ಅವಧಿ ಶುರುವಾಗುತ್ತಿದ್ದುದು ಮಾರ್ಚ್ 4ರಂದು. ಜನವರಿ 3ರ ಪದ್ಧತಿ ಬಂದದ್ದು 1935ರಲ್ಲಿ. ಹಾಗಾಗಿ 1903ರ ಫೆಬ್ರುವರಿಯಲ್ಲಿ ನಡೆದ ಮತದಾನವೂ 57ನೇ ಕಾಂಗ್ರೆಸ್‌ನದೇ.

ಮುಂದೆ, ಆಯ್ಕೆ ಮಾಡಿದವರು ಯಾರು ಎಂದು ನೋಡಿ. ಸದರ್ಲೆಂಡ್ 1905 ಮತ್ತು 1911ರಲ್ಲಿ ಸೆನೆಟರ್ ಆದದ್ದು ಯೂಟಾ ಶಾಸಕರ ಮತದಿಂದ. 1913ರ ಸಂವಿಧಾನದ 17ನೇ ತಿದ್ದುಪಡಿ ಆ ಆಯ್ಕೆಯನ್ನು ಜನರ ಕೈಗೆ ಕೊಟ್ಟಿತು. 1916ರಲ್ಲಿ ಅವರು ಸೋತರು. ಆದರೆ ತಿದ್ದುಪಡಿಯೊಂದನ್ನೇ ಕಾರಣ ಎನ್ನಬೇಡಿ. ಅದೇ ವರ್ಷ ಯೂಟಾದಲ್ಲಿ ಎದುರು ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿ ವಿಲ್ಸನ್ ಕೂಡ ಗೆದ್ದಿದ್ದರು. 1922ರ ಸೆಪ್ಟೆಂಬರ್ 5ರಂದು ಸದರ್ಲೆಂಡ್ ಅವರನ್ನು ಅಧ್ಯಕ್ಷ ಹಾರ್ಡಿಂಗ್ ಸುಪ್ರೀಂ ಕೋರ್ಟಿಗೆ ಹೆಸರಿಸಿದರು, ಅದೇ ದಿನ ಸೆನೆಟ್ ಒಪ್ಪಿತು. ಇಬ್ಬರೂ ಹಿಂದೆ ಸೆನೆಟ್‌ನಲ್ಲಿ ಜೊತೆಗಿದ್ದವರು.

ಇನ್ನು ತೀರ್ಪುಗಳು. ಹೆಚ್ಚು ಹೊತ್ತು ಕೊಡಬೇಕಾದದ್ದು ಇಲ್ಲಿಯೇ. ‘261 ಯು.ಎಸ್. 204’ ಎಂದರೆ ಸುಪ್ರೀಂ ಕೋರ್ಟ್ ವರದಿಗಳ 261ನೇ ಸಂಪುಟ, 204ನೇ ಪುಟ. ಲೈಬ್ರರಿ ಆಫ್ ಕಾಂಗ್ರೆಸ್ ಜಾಲತಾಣದಲ್ಲಿ ಈ ಸಂಪುಟಗಳು ಉಚಿತ. ಆರಂಭದಲ್ಲಿರುವ ಸಾರಾಂಶ ನ್ಯಾಯಮೂರ್ತಿ ಬರೆದದ್ದಲ್ಲ. ಹಳೆಯ ಸಂಪುಟಗಳಲ್ಲಿ ಅದರ ಕೆಳಗೆ ವಕೀಲರ ವಾದವೂ ಅಚ್ಚಾಗಿರುತ್ತದೆ. ಅದನ್ನೇ ತೀರ್ಪೆಂದು ಉದ್ಧರಿಸುವವರಿದ್ದಾರೆ. ಸದರ್ಲೆಂಡ್ ಹೆಸರು ಬರುವ ಸಾಲಿನಿಂದ ಓದಲು ಶುರುಮಾಡಿ.

ಒಂದೇ ತೀರ್ಪು ಓದಿ ನಿಲ್ಲಿಸಬೇಡಿ, ಜೋಡಿಯಾಗಿ ಓದಿ. ಆಗ ವಲಸಿಗರಲ್ಲಿ ‘ಬಿಳಿಯ’ರಿಗೆ ಮತ್ತು ಆಫ್ರಿಕನ್ ಮೂಲದವರಿಗೆ ಮಾತ್ರ ಪೌರತ್ವ ಸಿಗುತ್ತಿತ್ತು. 1922ರ ನವೆಂಬರಿನ ಓಜಾವಾ ಪ್ರಕರಣದಲ್ಲಿ (260 ಯು.ಎಸ್. 178) ‘ಬಿಳಿಯ’ ಎಂದರೆ ಕಕೇಶಿಯನ್ (ಆಗಿನ ಜನಾಂಗ ವರ್ಗೀಕರಣದಲ್ಲಿ ಯುರೋಪಿಯನ್ನರ ಜೊತೆ ಹಲವು ಭಾರತೀಯರನ್ನೂ ಸೇರಿಸುತ್ತಿದ್ದ ಗುಂಪು) ಎಂದು ಬರೆದು ಜಪಾನಿ ಅರ್ಜಿದಾರರನ್ನು ಹೊರಗಿಟ್ಟರು. ಮೂರೇ ತಿಂಗಳಲ್ಲಿ ಭಾರತೀಯ ಅರ್ಜಿದಾರ ಭಗತ್ ಸಿಂಗ್ ಥಿಂಡ್ (261 ಯು.ಎಸ್. 204) ತಾವು ಕಕೇಶಿಯನ್ ಎಂದು ವಾದಿಸಿದಾಗ, ಶಾಸ್ತ್ರದ ವರ್ಗೀಕರಣ ಬೇಡ, ಸಾಮಾನ್ಯ ಮನುಷ್ಯನ ತಿಳಿವಳಿಕೆಯೇ ಅಳತೆ ಎಂದರು. ಥಿಂಡ್ ಅಮೆರಿಕದ ಸೇನೆಯಲ್ಲಿ ಸೇವೆ ಸಲ್ಲಿಸಿದ್ದವರು. ತೀರ್ಪು ಬರೆದವರೇ ವಲಸೆ ಬಂದ ಕುಟುಂಬದವರು. ಎರಡನ್ನೂ ಪಕ್ಕಪಕ್ಕ ಇಟ್ಟಾಗ ಈ ಅನ್ಯಾಯ ಕಣ್ಣಿಗೆ ಕಟ್ಟುತ್ತದೆ. ಭಾರತೀಯರಿಗೆ ದಾರಿ ಮತ್ತೆ ತೆರೆದದ್ದು 1946ರ ಕಾಯ್ದೆಯಿಂದ.

ಹಾಗೆಂದು ಅಲ್ಲಿಗೇ ಅವರನ್ನು ಅಳೆದು ಮುಗಿಸುವಂತಿಲ್ಲ. 1932ರ ಪೊವೆಲ್ ತೀರ್ಪಿನಲ್ಲಿ (287 ಯು.ಎಸ್. 45) ಅಲಬಾಮಾದಲ್ಲಿ ಮರಣದಂಡನೆಗೆ ಗುರಿಯಾಗಿದ್ದ ಕಪ್ಪು ಯುವಕರಿಗೆ ಸರಿಯಾದ ವಕೀಲರ ನೆರವು ಸಿಗಲಿಲ್ಲವೆಂದು ಶಿಕ್ಷೆ ರದ್ದುಮಾಡಿದವರೂ ಇವರೇ.

ಕೊನೆಗೆ, ತೀರ್ಪು ಇಂದೂ ಊರ್ಜಿತವೇ ಎಂದು ಪರೀಕ್ಷಿಸಿ. ಮಹಿಳೆಯರ ಕನಿಷ್ಠ ವೇತನ ಕಾನೂನನ್ನು ಅವರು 1923ರಲ್ಲಿ ಹೊಡೆದುಹಾಕಿದರು (261 ಯು.ಎಸ್. 525). 1937ರಲ್ಲಿ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿತು. ಆ ಹೊಸ ತೀರ್ಪು 300ನೇ ಸಂಪುಟದ 379ನೇ ಪುಟದಲ್ಲಿದೆ. ಅದರ ನಂತರ ಸದರ್ಲೆಂಡ್ ಅವರ ಭಿನ್ನಮತವೂ ಇದೆ.