ಮೊದಲು ಕಲ್ಲು, ಆಮೇಲೆ ಗಿಡ: ಮನೆಯಲ್ಲೊಂದು ಜಪಾನಿ ಒಣತೋಟ

ಜಪಾನಿ ತೋಟ ಅಂದ ಕೂಡಲೇ ಹಲವರು ಕೆಂಪು ಸೇತುವೆ, ಕಲ್ಲಿನ ದೀಪ, ಬುದ್ಧನ ಮೂರ್ತಿ ತಂದಿಡುತ್ತಾರೆ. ಕ್ಯೋಟೊದ ರ‍್ಯೋವಾನ್‌ಜಿ ದೇವಾಲಯದ ಕಲ್ಲುತೋಟದಲ್ಲಿ ಇದ್ಯಾವುದೂ ಇಲ್ಲ. ಸುಮಾರು 25 ಮೀಟರ್ ಉದ್ದ, 10 ಮೀಟರ್ ಅಗಲದ ಅಂಗಳ. ಬಿಳಿ ಜಲ್ಲಿ, 15 ಕಲ್ಲು, ಬುಡದಲ್ಲಿ ಒಂದಿಷ್ಟು ಪಾಚಿ. ಜಗಲಿಯಲ್ಲಿ ಎಲ್ಲಿ ಕೂತರೂ ಒಂದು ಕಲ್ಲಾದರೂ ಮರೆಯಾಗಿಯೇ ಇರುತ್ತದೆ. ಹನಿ ನೀರಿಲ್ಲದೆ ಬೆಟ್ಟ, ಕಡಲು ಕಾಣಿಸುವ ಈ ಬಗೆಗೆ ‘ಕರೆಸಾನ್ಸುಯಿ’ ಅಂತ ಹೆಸರು.

ಜಾಗ ಜಾಸ್ತಿ ಬೇಡ. ಕ್ಯೋಟೊದ ಹಳೆಯ ವ್ಯಾಪಾರಿಗಳ ಮನೆಗಳಲ್ಲಿ ಗಾಳಿ ಬೆಳಕಿಗೆ ಅಂತ ನಡುವೆ ಬಿಟ್ಟ ಜಾಗದಲ್ಲೇ ಪುಟ್ಟ ತೋಟ ಇರುತ್ತದೆ, ನಮ್ಮ ತೊಟ್ಟಿಮನೆಯ ತೊಟ್ಟಿಯ ಹಾಗೆ. ಅದು ‘ತ್ಸುಬೊನಿವಾ’. ಒಂದು ತ್ಸುಬೊ ಅಂದರೆ ಸುಮಾರು 36 ಚದರ ಅಡಿ. ನೀವೂ 6 ಅಡಿಗೆ 6 ಅಡಿ ಜಾಗದಿಂದ ಶುರು ಮಾಡಬಹುದು.

ಮೊದಲು ಎಲ್ಲಿ ಕೂತು ನೋಡುತ್ತೀರಿ ಅನ್ನುವುದು ತೀರ್ಮಾನವಾಗಲಿ. ಕಿಟಕಿಯೋ, ಜಗಲಿಯೋ, ಅಲ್ಲೊಂದು ಕುರ್ಚಿ ಹಾಕಿ. ಆಮೇಲೆ ನೆಲವನ್ನು ನಾಲ್ಕು ಇಂಚು ಅಗೆದು, ನೀರು ಹೊರಗೆ ಹೋಗುವಂತೆ ಸ್ವಲ್ಪ ಇಳಿಜಾರು ಕೊಡಿ. ಅಂಚಿಗೆ ಇಟ್ಟಿಗೆ ಜೋಡಿಸಿ.

ಈಗ ಕಲ್ಲು. ಇಲ್ಲಿ ಅವಸರ ಬೇಡವೇ ಬೇಡ. ಪಾಲಿಶ್ ಮಾಡಿದ್ದು, ಹೊಸದಾಗಿ ಒಡೆದದ್ದು ಬೇಡ. ಮಳೆ ಬಿಸಿಲು ತಿಂದ ಮೂರು ಕಲ್ಲು ಸಾಕು: ಒಂದು ಎತ್ತರದ್ದು, ಒಂದು ಮಧ್ಯಮ, ಒಂದು ಚಪ್ಪಟೆ. ಮೇಲೆ ಒಂದು ಚೊಂಬು ನೀರು ಸುರಿದು ನೋಡಿ, ಒಣಗಿದಾಗ ಕಾಣದ ಗೆರೆ, ಬಣ್ಣ ಎದ್ದು ಬರುತ್ತವೆ. ಕಲ್ಲಿಗೂ ಒಂದು ಮುಖ ಇರುತ್ತದೆ, ಆ ಮುಖ ಕುರ್ಚಿಯ ಕಡೆಗಿರಲಿ. ನೀವು ಕುರ್ಚಿಯಲ್ಲಿ ಕೂತು ಹೇಳಿ, ಇನ್ನೊಬ್ಬರು ಹಾರೆಯಿಂದ ಸರಿಸಲಿ. ಮೂರೂ ಸಾಲಾಗಿ ನಿಲ್ಲಬಾರದು, ಬದಿಗಳು ಸಮ ಇಲ್ಲದ ತ್ರಿಕೋನ ಆಗಬೇಕು.

ನೆಲದ ಮೇಲೆ ಸುಮ್ನೆ ಇಟ್ಟ ಕಲ್ಲು ಯಾರೋ ಬಿಟ್ಟುಹೋದ ಸಾಮಾನಿನ ಹಾಗೆ ಕಾಣುತ್ತದೆ. ಗುಂಡಿ ತೋಡಿ ಮೂರನೇ ಒಂದು ಭಾಗದಷ್ಟು ಹೂತು, ಸುತ್ತ ಮಣ್ಣು ಹಾಕಿ ದಮ್ಮಸ್ಸು ಮಾಡಿ. ಆಗ ಅದು ನೆಲದಿಂದಲೇ ಎದ್ದುಬಂದ ಬೆಟ್ಟದ ತುದಿ.

ಉಳಿದ ನೆಲಕ್ಕೆ ಕಳೆ ತಡೆಯುವ ಬಟ್ಟೆ ಹಾಸಿ, ಮೇಲೆ ಎರಡು ಇಂಚು ಜಲ್ಲಿ. ಈ ಅಳತೆಗೆ 6 ಘನ ಅಡಿ ಬೇಕು. ಕೊನೆಗೆ ಜಲ್ಲಿಯ ಮೇಲೆ ಅಲೆಗಳ ಹಾಗೆ ಗೆರೆ ಎಳೆಯಬೇಕು; ನುಣುಪಾದ ಗುಂಡುಕಲ್ಲಿನಲ್ಲಿ ಆ ಗೆರೆ ನಿಲ್ಲುವುದಿಲ್ಲ, ಮೂಲೆ ಇರುವ ಸಣ್ಣ ಜಲ್ಲಿಯೇ ಆಗಬೇಕು. ನಾನು ಮೊದಲು ಹಾಲಿನಂಥ ಬಿಳಿ ಅಮೃತಶಿಲೆ ಚೂರು ಹಾಕಿಸಿದ್ದೆ. ಮಧ್ಯಾಹ್ನ ಕಣ್ಣು ಬಿಡಲು ಆಗುತ್ತಿರಲಿಲ್ಲ. ತಿಳಿ ಬೂದು ಗ್ರಾನೈಟ್ ಜಲ್ಲಿ ಕಣ್ಣಿಗೆ ತಂಪು.

ಗಿಡ ಕಡಿಮೆ ಇರಲಿ. ಮಲೆನಾಡಿನ ನೆರಳಲ್ಲಾದರೆ ಪಾಚಿ ತಾನಾಗಿಯೇ ಬರುತ್ತದೆ. ಬಯಲುಸೀಮೆಯ ಬಿಸಿಲಿಗೆ ಅದು ತಾಳುವುದಿಲ್ಲ. ಅಲ್ಲಿ ಕಲ್ಲಿನ ಬುಡಕ್ಕೆ ಮಾಂಡೋ ಹುಲ್ಲು ನೆಡಿ, ಅದರ ತವರೂ ಜಪಾನ್ ಕಡೆಯೇ. ನೆರಳಿದ್ದರೆ ಒಂದು ಜರಿಗಿಡ. ಜಲ್ಲಿಯ ಅರ್ಧಕ್ಕಿಂತ ಜಾಸ್ತಿ ಭಾಗ ಖಾಲಿ ಉಳಿಯಬೇಕು. ಅಲ್ಲೊಂದು ಕುಂಡ ಇಟ್ಟರೆ ಚೆಂದ ಅನ್ನಿಸುತ್ತದೆ, ಅಲ್ವಾ? ದಯವಿಟ್ಟು ಇಡಬೇಡಿ. ಆ ಖಾಲಿ ಜಾಗವೇ ಇಲ್ಲಿ ಕಡಲು.

ಕೊನೆಗೆ ಗೆರೆ. ಹಲಗೆಯ ಅಂಚಿನಲ್ಲಿ ಎರಡು ಇಂಚಿಗೊಂದರಂತೆ ಹಲ್ಲು ಕೊರೆಸಿ ಉದ್ದ ಹಿಡಿ ಹಾಕಿಸಿ. ಮೊದಲು ಪ್ರತಿ ಕಲ್ಲಿನ ಸುತ್ತ ಉಂಗುರ ಎಳೆಯಿರಿ. ಆಮೇಲೆ ದೂರದ ಅಂಚಿನಿಂದ ಹಿಂದೆ ಹಿಂದೆ ನಡೆಯುತ್ತಾ ನೇರ ಗೆರೆ ಎಳೆದರೆ ಹೆಜ್ಜೆ ಗುರುತು ಉಳಿಯುವುದಿಲ್ಲ. ಜೋರು ಮಳೆಗೆ ಗೆರೆ ಅಳಿಸಿಹೋಗುತ್ತದೆ. ಜಲ್ಲಿ ಒಣಗಿದ ಮೇಲೆ ಬಿದ್ದ ಎಲೆಗಳನ್ನು ಕೈಯಲ್ಲೇ ಆರಿಸಿ ತೆಗೆದು, ಮತ್ತೆ ಎಳೆಯಿರಿ.