ಮುತ್ತಿನ ತೂತು ಕೈಯಲ್ಲೇ ದೊಡ್ಡದು ಮಾಡಿದ್ದು: ನನ್ನ ಅನುಭವ

ಮುತ್ತಿನ ತೂತು ಕೈಯಲ್ಲೇ ದೊಡ್ಡದು ಮಾಡಿ ಲೆದರ್ ಕಾರ್ಡ್‌ಗೆ, ಅಂದ್ರೆ ಚರ್ಮದ ದಾರಕ್ಕೆ, ಪೋಣಿಸ್ತೀನಿ ಅಂದಾಗ ಎಲ್ರೂ ಹೇಳಿದ್ದು ಒಂದೇ ಮಾತು, ಮೋಟಾರ್ ಇಲ್ದೆ ಆಗಲ್ಲ, ಸುಮ್ನೆ ಮುತ್ತು ಹಾಳ್ಮಾಡ್ಕೋಬೇಡ ಅಂತ. ಈಗ ನನ್ ಟ್ರೇಲಿ ಅರವತ್ತು ಚಿಲ್ರೆ ಮುತ್ತು ಇದಾವೆ, ಎಲ್ಲಾ 1.5 ಎಂಎಂ ಕಾರ್ಡ್ ಮೇಲೆ ಸಲೀಸಾಗಿ ಓಡಾಡ್ತಾವೆ, ಒಂದಕ್ಕೂ ಕರೆಂಟ್ ಮುಟ್ಟಿಸಿಲ್ಲ.

ಸಿಹಿನೀರಿನ ಮುತ್ತು, 8-9 ಎಂಎಂ ಸೈಜು. ಬರೋವಾಗ ತೂತು 0.7 ಇದ್ರೆ ಜಾಸ್ತಿ, ನಂಗೆ ಬೇಕಿದ್ದು 1.8 ಹತ್ರ ಹತ್ರ. ದೊಡ್ಡ ತೂತಿಂದೇ ತಗೊಳ್ಳೋಣ ಅಂದ್ರೆ ಅದೇ ಮುತ್ತಿಗೆ ಡಬಲ್‌ಗಿಂತ ಮೇಲೆ ಕೇಳಿದ್ರು, ಹೊಟ್ಟೆ ಉರೀತು.

ಮೊದಲ್ನೇ ಬ್ಯಾಚ್ ಕಥೆ ಕೇಳ್ಬೇಡಿ. ಇರೋದ್ರಲ್ಲಿ ಅಗ್ಗದ ಡೈಮಂಡ್ ರೀಮರ್ (ತೂತು ಸವೆಸಿ ದೊಡ್ಡದು ಮಾಡೋ, ಡೈಮಂಡ್ ಪುಡಿ ಮೆತ್ತಿದ ಚೂಪು ಕಡ್ಡಿ) ಸೆಟ್ ತಂದು, ನೀರಿಲ್ದೆ ಹಂಗೇ ಕೊರೆಯೋಕೆ ಕೂತೆ. ಹಲ್ಲು ಕೊರೆಸ್ಕೊಳ್ಳೋವಾಗ ಬರುತ್ತಲ್ಲ, ಅದೇ ವಾಸ್ನೆ. ಬಿಳಿ ಪುಡಿ ರೀಮರ್ ಮೈಗೆಲ್ಲ ಮೆತ್ಕೊಂಡು ಕೊರೆಯೋದೇ ನಿಂತೋಯ್ತು, ನಾನು ಇನ್ನೂ ಒತ್ತಿದೆ, ಚಟ್ ಅಂತ ಎರಡು ಹೋಳು. ಹನ್ನೆರಡರಲ್ಲಿ ಐದು ಹಂಗೇ ಹೋದ್ವು, ಉಳಿದಿದ್ರಲ್ಲಿ ಮೂರಕ್ಕೆ ತೂತಿನ ಬಾಯಿ ಹತ್ರ ಹೊಳಪಿನ ಪದರ ಎದ್ಬಿಟ್ಟಿತ್ತು. ಆ ಮುತ್ತಿನ ದುಡ್ಡಲ್ಲಿ ಇನ್ನೆರಡು ಸೆಟ್ ರೀಮರ್ ಬರ್ತಿತ್ತು.

ಆಮೇಲೆ ಬಟ್ಟಲಲ್ಲಿ ನೀರಿಟ್ಕೊಂಡು ಮುತ್ತು, ರೀಮರ್ ಎರಡನ್ನೂ ಮುಳುಗಿಸಿಯೇ ತಿರುಗ್ಸೋಕೆ ಶುರು ಮಾಡಿದೆ. ಪುಡಿ ನೀರಲ್ಲೇ ಇಳ್ಕೊಳುತ್ತೆ, ಮೂಗಿಗೂ ಹೋಗಲ್ಲ. ಒತ್ತೋದೇ ಬೇಡ, ಅರ್ಧ ಸುತ್ತು ಆಕಡೆ ಅರ್ಧ ಸುತ್ತು ಈಕಡೆ, ಹತ್ತು ಹನ್ನೆರಡು ಸಲ ಆದ್ಮೇಲೆ ಹೊರಗೆ ತೆಗ್ದು ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜೋದು, ಮತ್ತೆ ಅದೇ. ಎಲ್ಲಕ್ಕಿಂತ ಮೊದ್ಲು ಎರಡೂ ಬಾಯಿಗೆ ಕೋನ್ ಆಕಾರದ ತುದಿ ಇರೋ ರೀಮರ್ ಹಾಕಿ ಅಂಚು ಸ್ವಲ್ಪ ಸವೆಸ್ಬೇಕು, ಪದರ ಏಳೋದು ಅಲ್ಲಿಗೆ ನಿಲ್ತು. ಒಂದೇ ಕಡೆಯಿಂದ ಆರ್ಪಾರ್ ಹೋಗ್ಲೇಬೇಡಿ, ಆಕಡೆ ಬಾಯಿ ಚಕ್ಕೆ ಏಳುತ್ತೆ.

ಇಷ್ಟಾದ್ರೂ ಕಾರ್ಡ್ ಮಾತ್ರ ಒಳಗೆ ಹೋಗ್ದೆ ಮಧ್ಯದಲ್ಲಿ ಸಿಕ್ಕಾಕೊಳ್ತಿತ್ತು. ಬಾಯಿ ನೋಡಿದ್ರೆ 2 ಎಂಎಂ ಇದೆ! ರೀಮರ್ ಚೂಪಲ್ವಾ, ಎರಡೂ ಕಡೆಯಿಂದ ಕೊರೆದ್ರೆ ನಡುವೆ ಡಮರುಗದ ಥರ ಸಣ್ಣ ಸೊಂಟ ಉಳ್ಕೊಳುತ್ತೆ, ಇದು ಹೊಳೆಯೋಕೆ ನಂಗೆ ಮೂರು ದಿನ ಬೇಕಾಯ್ತು. ನೇರ ಇರೋ ಡೈಮಂಡ್ ಕಡ್ಡಿನ ಪಿನ್ ವೈಸ್‌ಗೆ (ಸಣ್ಣ ಕಡ್ಡಿ ಹಿಡ್ಕೊಳ್ಳೋ ಕೈಹಿಡಿಗೆ) ಸಿಗಿಸಿ ಆ ಸೊಂಟ ತೆಗ್ದೆ, ಕೆಲಸ ಮುಗೀತು. ಮುತ್ತು ಜಾರ್ದಂಗೆ ಹಿಡ್ಕೊಳ್ಳೋಕೆ ಒಂದು ಉಪಾಯ ಇದೆ, ಅದು ನನ್ ಹತ್ರಾನೇ ಇರ್ಲಿ, ಅದಕ್ಕೇ ಜಾಸ್ತಿ ಮುತ್ತು ಬಲಿ ಕೊಟ್ಟಿದೀನಿ.

ಮಧ್ಯದಲ್ಲಿ ಒಂದು ಹುಚ್ಚು. ಗ್ಯಾರೇಜಲ್ಲಿ ವಾಲ್ವ್‌ಗೆ ಹಚ್ಚೋ ಗ್ರೈಂಡಿಂಗ್ ಪೇಸ್ಟ್ ಇದೆಯಲ್ಲ, ಅದನ್ನ ತಾಮ್ರದ ತಂತಿಗೆ ಬಳಿದು ಅಮೆಥಿಸ್ಟ್ ಅನ್ನೋ ನೇರಳೆ ಕಲ್ಲಿನ ಮಣೀಲಿ ಎಳೆದಾಡಿದೆ. ಸವೆಯುತ್ತೆ, ಸುಳ್ಳಲ್ಲ, ಆದ್ರೆ ಎರಡು ಗಂಟೆ ಕೂತ್ರೂ ಕಾಲು ಎಂಎಂ ಆಗ್ಲಿಲ್ಲ, ಬೆರಳು ಮಾತ್ರ ಕಪ್ಪಾಯ್ತು. ಗಾಜಿನ ಮಣಿ ನೀರಲ್ಲಿ ಚೆನ್ನಾಗೇ ಬರುತ್ತೆ, ಒಳಗೆ ಬೆಳ್ಳಿ ಬಣ್ಣ ಇರೋದನ್ನ ಮಾತ್ರ ಮುಟ್ಬೇಡಿ, ಬಣ್ಣ ಎಲ್ಲಾ ಕೆರೆದು ಬರುತ್ತೆ. ಮರದ ಮಣಿಗೆ ನೀರೇ ಬೇಡ, ಊದ್ಕೊಳುತ್ತೆ, ದುಂಡು ನೀಡಲ್ ಫೈಲ್ (ಸೂಜಿ ಥರದ ಸಣ್ಣ ಅರ) ಐದು ನಿಮಿಷ ಸಾಕು.

ಮೊದ್ಲು ಒಂದು ಮುತ್ತಿಗೆ ಇಪ್ಪತ್ತೈದು ನಿಮಿಷ ಹಿಡೀತಿತ್ತು, ಈಗ ಎಂಟೋ ಒಂಬತ್ತೋ. ರೀಮರ್‌ದು ಒಂದು ತುದಿ ಸುಮಾರು ಇಪ್ಪತ್ತು ಮುತ್ತಿಗೆ ಬರುತ್ತೆ, ಮೈಮೇಲಿರೋದು ಒಂದೇ ಪದರ ಡೈಮಂಡ್ ಪುಡಿ, ಅದು ಹೋದ್ಮೇಲೆ ಬರೀ ಕಬ್ಬಿಣದ ಕಡ್ಡಿ. ಆಗಲ್ಲ ಅಂತ ಎಲ್ರಿಗಿಂತ ಜೋರಾಗಿ ಹೇಳಿದ್ದ ಗೆಳತಿ ಮೊನ್ನೆ ಒಂದು ಡಬ್ಬಿ ಮುತ್ತು ಕಳಿಸಿದಾಳೆ, ಮಾಡ್ಕೊಡೇ ಅಂತ. ಮೊದ್ಲು ರೀಮರ್ ದುಡ್ಡು ಕಳ್ಸು ಅಂದಿದೀನಿ.