ಚೀನೀ ಭಾಷೆಯ ‘ತಾ’ ನಾನು ಕಲಿತ ಬಗೆ

ಚೀನೀ ಭಾಷೆಯಲ್ಲಿ ‘ತಾ’ ಅಂದರೆ ಹೊಡೆ. ದೊಡ್ಡ ನಿಘಂಟು ತೆರೆದರೆ ಇದೊಂದಕ್ಕೇ 20ಕ್ಕೂ ಜಾಸ್ತಿ ಅರ್ಥ. ಅವನ್ನೆಲ್ಲ ಬಾಯಿಪಾಠ ಮಾಡುವ ಗೋಜಿಗೆ ನಾನು ಹೋಗಲಿಲ್ಲ. ಚೀನಾದ ಯಿವೂ ಊರಿನ ಸಗಟು ಮಾರುಕಟ್ಟೆಯಲ್ಲಿ ಹೇರ್‌ಕ್ಲಿಪ್, ಬಳೆ ಕೊಳ್ಳುವ ಕೆಲಸ ನನ್ನದು. ಅಲ್ಲಿ ಕಿವಿಗೆ ಬಿದ್ದ ಮಾತನ್ನು ಬಿಡಿಸದೆ ಇಡಿಯಾಗಿ ಬರೆದುಕೊಳ್ಳುತ್ತಾ ಹೋದೆ.

ಬರೆದದ್ದು ಕನ್ನಡ ಲಿಪಿಯಲ್ಲೇ. ರೋಮನ್‌ನಲ್ಲಿ ಇದಕ್ಕೆ ‘ಡಿ’ ಹಾಕುತ್ತಾರೆ, ಆದರೆ ಬಾಯಲ್ಲಿ ಬರುವುದು ನಮ್ಮ ತ. ‘ಟಿ’ ಹಾಕಿದ್ದು ಥ. ಅಲ್ಪಪ್ರಾಣ, ಮಹಾಪ್ರಾಣ ನಮಗೆ ಶಾಲೆಯಲ್ಲೇ ಆಗಿದೆ ಅಲ್ವಾ? ದನಿಯ ಏರಿಳಿತ ಮಾತ್ರ ಹೊಸದು. ‘ತಾ’ ಅನ್ನು ತಗ್ಗಿಸಿ ಹೇಳಿದರೆ ಹೊಡೆ. ಅದೇ ಅಕ್ಷರವನ್ನು ಏರಿಸಿ ಓದಿದರೆ ಡಜನ್! ಡಜನ್ ಲೆಕ್ಕದಲ್ಲಿ ಕೊಳ್ಳುವವರು ಇದನ್ನು ಮೊದಲು ಕಲಿಯಬೇಕು.

ಕೆಲವು ಬಳಕೆ ಸುಮ್ನೆ ಬಂದವು. ಗೊರಕೆ ಹೊಡೆಯುವುದು ‘ತಾ ಹೂಲು’, ಟೈರಿಗೆ ಗಾಳಿ ಹೊಡೆಯುವುದು ‘ತಾ ಛೀ’. ನಾವೂ ಹೊಡೆಯುತ್ತೇವೆ, ಅವರೂ ಹೊಡೆಯುತ್ತಾರೆ. ಆದರೆ ಕೊಡೆ ಹಿಡಿಯುವುದು, ಟ್ಯಾಕ್ಸಿ ಹಿಡಿಯುವುದು, ಸ್ವೆಟರ್ ಹೆಣೆಯುವುದು ಎಲ್ಲಕ್ಕೂ ‘ತಾ’. ಇದರ ಚೀನೀ ಅಕ್ಷರದ ಎಡಭಾಗದಲ್ಲಿರುವುದು ಕೈಯ ಗುರುತು, ಅದನ್ನು ಹಿಡಿದುಕೊಂಡೆ. ಬ್ಯಾಸ್ಕೆಟ್‌ಬಾಲ್ ಆಡುವುದು ‘ತಾ’, ಫುಟ್‌ಬಾಲ್ ಆಡುವುದು ‘ಥೀ’, ಅದರ ಅಕ್ಷರದಲ್ಲಿ ಕಾಲಿನ ಗುರುತಿದೆ. ಗುಡುಗುವುದಕ್ಕೂ ‘ತಾ’ ಅನ್ನುತ್ತಾರೆ. ಅಲ್ಲಿ ಯಾರ ಕೈ ಅಂತ ಕೇಳಬೇಡಿ.

ನಿಜವಾಗಿ ಕೆಲಸಕ್ಕೆ ಬಂದದ್ದು ಇದರ ಬಾಲಗಳು. ‘ತಾ ಖಾಯ್’ ಅಂದರೆ ತೆಗೆ. ನಡುವೆ ‘ಪು’ ಸೇರಿಸಿ ‘ತಾ ಪು ಖಾಯ್’ ಅಂದರೆ ಎಷ್ಟು ಮಾಡಿದರೂ ತೆಗೆಯಲು ಆಗುತ್ತಿಲ್ಲ. ಬಾಟಲಿ ಮುಚ್ಚಳ, ಬಾಗಿಲು, ಫೋನಿಗೆ ಬಂದ ಫೈಲ್, ಯಾವುದಕ್ಕೂ ನಡೆಯುತ್ತದೆ. ಫೋನ್ ಮಾಡುವುದೂ ‘ತಾ’ಯೇ. ಲೈನ್ ಸಿಗದಿದ್ದರೆ ‘ತಾ ಪು ಥೊಂಗ್’. ಸರಕು ತಡವಾದಾಗ ಈ ಮಾತು ಎಷ್ಟು ಸಲ ಕೇಳಿದ್ದೇನೋ! ಮನೆಯಲ್ಲಿ ಡಬ್ಬ ತೆಗೆಯುವಾಗ, ಫೋನ್ ಮಾಡುವಾಗ ಗಟ್ಟಿಯಾಗಿ ಹೇಳಿಕೊಂಡೇ ಇವು ನಾಲಿಗೆಗೆ ಕೂತವು.

ಇನ್ನು ರಿಯಾಯಿತಿ. ‘ತಾ ಪಾ ಚ’ ಅಂದರೆ 8 ಪರ್ಸೆಂಟ್ ಬಿಡುತ್ತಾರೆ ಅಂತಲ್ಲ. ‘ಪಾ’ ಅಂದರೆ ಎಂಟು. ಬೆಲೆಯ ಹತ್ತರಲ್ಲಿ ಎಂಟು ಪಾಲು ಕೊಟ್ಟರೆ ಸಾಕು. 100 ಯುವಾನಿನ ಮಾಲು 80ಕ್ಕೆ. ಅಂಕಿ ಇಳಿದಷ್ಟೂ ನಮಗೆ ಲಾಭ. ಹಾಗಾಗಿ ಅವರು ಪಾ ಅಂದರೆ ನಾನು ‘ತಾ ಛೀ ಚ’ ಅನ್ನುತ್ತೇನೆ. ಬೈಗುಳವಲ್ಲ, ಅವರ ಏಳು ಛೀ.